ನರಿಯ ಮಾತೆತ್ತದ ಪುಸ್ತಕ

ನಮ್ಮ ಶಾಲೆಗಳಲ್ಲಿ ಹಸುವಿನಷ್ಟು ಬರವಣಿಗೆಗೆ ಒಳಗಾದ ಪ್ರಾಣಿ ಇನ್ನೊಂದಿಲ್ಲ. ‘ಹಸು ಒಂದು ಸಾಧುಪ್ರಾಣಿ, ಅದಕ್ಕೆ ನಾಲ್ಕು ಕಾಲುಗಳಿವೆ’ ಎಂದು ನಾವು ಬರೆದೆವು. ಈಗ ನಮ್ಮ ಮೊಮ್ಮಕ್ಕಳು ಬರೆಯುತ್ತಿದ್ದಾರೆ. ಬೀದಿಯಲ್ಲಿ ನಿಂತು ಕಾಗದ ಮೆಲ್ಲುವ ಹಸುವನ್ನು ದಿನವೂ ಬಳಸಿಕೊಂಡು ಶಾಲೆಗೆ ಬರುವ ಹುಡುಗನೂ ಆ ಕಾಗದದ ಸುದ್ದಿ ಎತ್ತುವುದಿಲ್ಲ; ಅದು ಹುಲ್ಲು ತಿನ್ನುತ್ತದೆಂದೇ ಬರೆಯುತ್ತಾನೆ. ಕಂಡದ್ದನ್ನು ಬರೆಯಬಹುದೆಂದು ಅವನಿಗೆ ಯಾರೂ ಹೇಳಿಲ್ಲ, ಪಾಪ.

ನಿವೃತ್ತನಾದ ಮೇಲೆ ವಾರಕ್ಕೆರಡು ದಿನ ಬೆಂಗಳೂರಿನ ಒಂದು ಸರ್ಕಾರಿ ಶಾಲೆಯ ಐದನೆಯ ತರಗತಿಗೆ ಹೋಗಿ ಮಕ್ಕಳಿಂದ ಕನ್ನಡ ಬರೆಯಿಸುವ ಗೀಳು ಹಚ್ಚಿಕೊಂಡಿದ್ದೇನೆ. ಹಸುವಿನಿಂದ ಬಿಡಿಸಿಕೊಳ್ಳುವ ದಾರಿಯನ್ನು ನನಗೆ ತೋರಿಸಿದ್ದು ಒಂದು ಕೋಳಿ. ಇಂಗ್ಲೆಂಡಿನ ಪ್ಯಾಟ್ ಹಚಿನ್ಸ್ ಎಂಬಾಕೆ 1968ರಲ್ಲಿ ಹೊರತಂದ ‘ರೋಸೀಸ್ ವಾಕ್’ ಎಂಬ ಚಿತ್ರಪುಸ್ತಕದಲ್ಲಿ ಇರುವುದು ಒಂದೇ ವಾಕ್ಯ, 32 ಪದ. ಒಂದು ಹೇಂಟೆ ತೋಟದ ಮನೆಯ ಆಸುಪಾಸಿನಲ್ಲಿ ಅಡ್ಡಾಡಿ ಊಟದ ಹೊತ್ತಿಗೆ ಗೂಡು ಸೇರುತ್ತದೆ. ಮಾತು ಹೇಳುವುದು ಇಷ್ಟನ್ನೇ. ಚಿತ್ರದಲ್ಲಾದರೋ, ಅದರ ಬೆನ್ನಿಗೇ ಒಂದು ನರಿ! ಅದು ನೆಗೆಯಲು ಹೋಗಿ ಕೊಳಕ್ಕೆ ಬೀಳುತ್ತದೆ, ಮೈಮೇಲೆ ಹಿಟ್ಟು ಸುರಿಸಿಕೊಳ್ಳುತ್ತದೆ, ಕಡೆಗೆ ಜೇನುಹುಳುಗಳಿಂದ ಅಟ್ಟಿಸಿಕೊಂಡು ಓಡುತ್ತದೆ. ಇಷ್ಟೆಲ್ಲ ಆದರೂ ಪುಸ್ತಕದ ಮಾತಿನಲ್ಲಿ ನರಿಯ ಹೆಸರೇ ಇಲ್ಲ.

ನಾನು ಪುಸ್ತಕವನ್ನು ಎತ್ತಿ ಹಿಡಿದು ಕನ್ನಡದಲ್ಲಿ ಹೇಳತೊಡಗಿದಾಗ ತರಗತಿಗೆ ತರಗತಿಯೇ ಕೂಗಿತು: “ಸಾರ್, ನರಿ! ನರೀನ ಬಿಟ್ಬಿಟ್ರಿ!” ಕೇಳಿಸದವನಂತೆ ಮುಂದುವರಿಸಿದೆ. ಸ್ವಲ್ಪ ಹೊತ್ತಿನ ಮೇಲೆ ಹಿಂದಿನ ಸಾಲಿನ ಒಬ್ಬ ಪಕ್ಕದವನಿಗೆ ಹೇಳುತ್ತಿದ್ದ: “ಸುಮ್ನಿರೋ, ಬೇಕೂಂತ್ಲೇ ಬಿಟ್ಟವ್ರೆ.” ಇದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ನಾನು ಸಾಹಿತ್ಯಗೋಷ್ಠಿಗಳಲ್ಲಿ ಹೆಚ್ಚಾಗಿ ಕೇಳಿಲ್ಲ.

ಇನ್ನೊಂದು ಲಾಭವೂ ಆಯಿತು. ಇಂಗ್ಲಿಷಿನಲ್ಲಿ ಈ ಕಥೆ ನಡೆಯುವುದು ಪ್ರಿಪೊಸಿಷನ್ನುಗಳ ಬಲದಿಂದ. ಕನ್ನಡದಲ್ಲಿ ಆ ಜಾಗಕ್ಕೆ ‘ದಾಟಿ’, ‘ಸುತ್ತಿ’, ‘ಹತ್ತಿ’, ‘ನುಸುಳಿ’ ಎಂದು ಕ್ರಿಯೆಗಳೇ ಬಂದು ನಿಲ್ಲುತ್ತವೆ. ವ್ಯಾಕರಣದವರು ಭೂತನ್ಯೂನವೆನ್ನುವ ಈ ರೂಪ ವಾಕ್ಯವನ್ನು ಮುಗಿಯಗೊಡದೆ ಮುಂದಕ್ಕೆ ತಳ್ಳುತ್ತದೆ. ‘ಬಾಲವಿದೆ, ಕೊಂಬಿದೆ’ ಎಂದು ಹೆಜ್ಜೆಹೆಜ್ಜೆಗೂ ನಿಲ್ಲುತ್ತಿದ್ದ ಮಕ್ಕಳು, ಮೋರಿ ದಾಟಿ, ಲಾರಿ ಸುತ್ತಿ, ಬೇಲಿ ನುಸುಳಿ, ಉಸಿರು ಬಿಡದೆ ಒಂದೇ ವಾಕ್ಯದಲ್ಲಿ ಮನೆಯಿಂದ ಶಾಲೆಗೆ ಬಂದುಬಿಟ್ಟರು!

ಆಮೇಲೆ ಪುಸ್ತಕ ಮಾಡುವ ಕೆಲಸ. ಚಿತ್ರಪುಸ್ತಕಗಳು ಸಾಮಾನ್ಯವಾಗಿ 32 ಪುಟವಿರುವುದು ಮುದ್ರಣದ ಹಾಳೆಯ ಮಡಿಕೆಯ ಲೆಕ್ಕದಿಂದ. ನಮ್ಮದು ಬಡ ಮುದ್ರಣಾಲಯ. ಎರಡು ಹಾಳೆಗಳನ್ನು ಒಂದರೊಳಗೊಂದು ಮಡಿಸಿ ದಾರ ಹಾಕಿದರೆ 8 ಪುಟ, ಹೊರಗಿನೆರಡು ಕಳೆದರೆ 6. ಪುಟಕ್ಕೊಂದೇ ವಾಕ್ಯ, ಚಿತ್ರದಲ್ಲಿ ಕಾಣುವುದನ್ನು ಮಾತಿನಲ್ಲಿ ಹೇಳಕೂಡದು. “ಕೊನೇಲಿ ನೀತಿ ಬರೀಬೇಕಾ ಸಾರ್?” ಎಂದು ನಾಲ್ಕಾರು ಮಂದಿ ಕೇಳಿದರು. ಬೇಡವೆಂದಾಗ ಅವರ ಮುಖ ನೋಡಬೇಕಿತ್ತು, ರಜೆ ಕೊಟ್ಟಂತಾಗಿತ್ತು.

ಹೂವು ಮಾರುವವಳ ಮಗಳೊಬ್ಬಳು ಆ ತರಗತಿಯಲ್ಲಿದ್ದಾಳೆ, ಮಾತು ಬಹಳ ಕಡಿಮೆ. ಅವಳ ಪುಸ್ತಕದ ಮೊದಲ ಪುಟ: ‘ಅಮ್ಮ ನಾಲ್ಕು ಗಂಟೆಗೆ ಎದ್ದಳು.’ ಮುಂದೆ ಮಾರ್ಕೆಟ್ಟು, ಬಸ್ಸು, ದೇವಸ್ಥಾನದ ಕಟ್ಟೆ. ಪುಟಪುಟಕ್ಕೂ ಗಂಟೆ ಮಾತ್ರ ಮುಂದೆ ಹೋಗುತ್ತದೆ. ಆರನೆಯದರಲ್ಲಿ ‘ಅಮ್ಮ ಮನೆಗೆ ಬಂದಳು’ ಎಂದಷ್ಟೇ. ಚಿತ್ರದಲ್ಲಿ ಬುಟ್ಟಿಯ ತುಂಬ ಸೇವಂತಿಗೆ ಹಾಗೆಯೇ ಇದೆ. ಸೀರೆಯ ಅಂಚಿನಿಂದ ನೀರು ತೊಟ್ಟಿಕ್ಕುತ್ತಿದೆ.

ತರಗತಿಯ ಉಪಾಧ್ಯಾಯಿನಿಯವರು ಅಕ್ಕರೆಯಿಂದಲೇ ಹೇಳಿದರು: “ಮಳೆ ಬಂದದ್ದರಿಂದ ಹೂವು ಮಾರಾಟವಾಗಲಿಲ್ಲ ಅಂತ ಒಂದು ವಾಕ್ಯ ಸೇರಿಸಮ್ಮ, ಪೂರ್ತಿಯಾಗುತ್ತೆ.”

ಹುಡುಗಿ ತಲೆಯಾಡಿಸಿದಳು. “ಅದು ನರಿ, ಮಿಸ್. ಬರೀಬಾರ್ದು.”

ಕೋಳಿಯ ಪಾಠದ ದಿನ ಅವರು ರಜೆಯಲ್ಲಿದ್ದರು. ಏನೂ ತಿಳಿಯದೆ ನನ್ನ ಮುಖ ನೋಡಿದರು. ವಿವರಿಸಿದೆ. ನಕ್ಕರು, ಆದರೆ ಒಪ್ಪಲಿಲ್ಲ. “ಪರೀಕ್ಷೆಯಲ್ಲಿ ಚಿತ್ರಕ್ಕೆ ಜಾಗವೆಲ್ಲಿ ಸಾರ್? ಹತ್ತು ವಾಕ್ಯ ಬರೆಯಿರಿ ಅಂತಾರೆ, ಈ ಮಕ್ಕಳು ಎರಡು ಬರೆದು ಕೂತರೆ?” ಅಮೆರಿಕದ ಮಾರಿಸ್ ಸೆಂಡಾಕ್ 1963ರ ತನ್ನ ಪ್ರಸಿದ್ಧ ಪುಸ್ತಕದಲ್ಲಿ, ಹುಡುಗ ಭೂತಗಳೊಡನೆ ಕುಣಿಯುವ ಪುಟಗಳಲ್ಲಿ ಮಾತನ್ನೇ ನಿಲ್ಲಿಸಿಬಿಟ್ಟಿದ್ದಾನೆಂದು ನಾನು ವಾದಿಸಬಹುದಿತ್ತು. ಆದರೆ ಅವರ ಭಯ ಸುಳ್ಳಲ್ಲ. ಫೇಲಾದರೆ ಅನುಭವಿಸುವವರು ಮಕ್ಕಳು. ಸೆಂಡಾಕ್ ಬರುವುದಿಲ್ಲ, ನಾನೂ ಬರುವುದಿಲ್ಲ.

ಆದ್ದರಿಂದ ಮುಂದಿನ ವಾರ ಎಲ್ಲರ ಚಿತ್ರಗಳ ಮೇಲೂ ಬಿಳಿ ಕಾಗದ ಹೊದಿಸಿದೆ. “ಚಿತ್ರ ಕಾಣದವರಿಗೆ ಈಗ ಬರೆದು ಹೇಳಿ,” ಎಂದೆ. ಗೊಣಗಾಟವೆದ್ದಿತು, ನಿಜ. ಬಿಟ್ಟದ್ದೇನೆಂದು ಅವರಿಗೆ ಗೊತ್ತಿದ್ದುದರಿಂದ ತರಬೇಕಾದದ್ದೂ ಗೊತ್ತಿತ್ತು, ಪೆನ್ಸಿಲುಗಳು ಓಡಿದವು. ಆ ಹುಡುಗಿ ಹದಿನಾಲ್ಕು ವಾಕ್ಯ ಬರೆದಳು. ಅದರಲ್ಲಿ ಒಂದು: ‘ಸಾಯಂಕಾಲ ಬುಟ್ಟಿ ಬೆಳಿಗ್ಗೆಗಿಂತ ಭಾರವಾಗಿತ್ತು.’ ನೆನೆದ ಸೇವಂತಿಗೆ ತೂಗುತ್ತದೆಂದು ಅವಳಿಗೆ ಪಾಠ ಮಾಡಿದವರು ಯಾರೂ ಇಲ್ಲ. ಬಹುಶಃ ಬುಟ್ಟಿ ಇಳಿಸಿಕೊಂಡವಳು ಅವಳೇ. ಉಪಾಧ್ಯಾಯಿನಿಯವರು ಆ ವಾಕ್ಯವನ್ನು ಎರಡು ಸಲ ಓದಿದರು. ಮಳೆಯ ವಾಕ್ಯವನ್ನು ಮತ್ತೆ ಕೇಳಲಿಲ್ಲ.

ತಂದೆತಾಯಿಯರ ಸಭೆಯ ದಿನ ಪುಸ್ತಕಗಳನ್ನೆಲ್ಲ ಬೆಂಚಿನ ಮೇಲೆ ಹರಡಿದ್ದೆವು. ಅವಳ ತಾಯಿ ಕಟ್ಟಕಡೆಗೆ ಬಂದರು, ಅವಸರದಲ್ಲಿದ್ದರು. ಅಕ್ಷರ ಬರದು, ಓದಿ ಹೇಳಲೇ ಎಂದರೆ “ಬ್ಯಾಡ ಸಾರ್” ಎಂದು ಒಂದೊಂದೇ ಪುಟ ತಾವೇ ತಿರುವಿದರು. ಆರನೆಯ ಪುಟದಲ್ಲಿ ಕೈ ನಿಂತಿತು. ತುಸು ಹೊತ್ತಾದ ಮೇಲೆ, ಮಗಳ ಕಡೆ ನೋಡದೆ, ನನಗೆ ಹೇಳಿದರು:

“ಅವತ್ತು ಇವಳು ನಿದ್ದೆ ಮಾಡ್ತಿದ್ಲು ಅಂದ್ಕೊಂಡಿದ್ದೆ.”