ರೂಫನ ಅಪ್ಪ

ಹೊತ್ತು ಇನ್ನೂ ಏರಿಲ್ಲ, ಬಂಡೆ ಆಗಲೇ ಕಾದಿದೆ. ಶುಭ ಶುಕ್ರವಾರದ ಬೆಳಗು. ಕನಕಪುರ ತಾಲ್ಲೂಕಿನ ಹಾರೋಬೆಲೆ ಬಳಿಯ ಕಪಾಲಬೆಟ್ಟವನ್ನು ಜನ ಹತ್ತುತ್ತಿದ್ದಾರೆ. ನಿಮ್ಮ ಮುಂದಿರುವ ಅಜ್ಜಿಯದು ಬರಿಗಾಲು. ಬಿರಿದ ಹಿಮ್ಮಡಿ, ತಲೆ ಮೇಲೆ ಸೆರಗು, ಬೆರಳಲ್ಲಿ ಜಪಸರ. ಉಸಿರು ಸಾಲದಾದಾಗ ಹಾಡು ನಿಲ್ಲಿಸುತ್ತಾಳೆ, ಕಾಲು ನಿಲ್ಲಿಸುವುದಿಲ್ಲ. ಹಿಂದೆ ಬರುತ್ತಿರುವವರ ಮಾತಲ್ಲಿ ಹಿಪ್ಪುನೇರಳೆ ಸೊಪ್ಪು, ರಾಮನಗರದ ಗೂಡಿನ ಮಾರುಕಟ್ಟೆಯ ರೇಟು. ಮುಂದಿನ ಸ್ಥಳ ಬಂತೆನ್ನುವಾಗ ಆ ಮಾತೂ ನಿಲ್ಲುತ್ತದೆ.

ಶಿಲುಬೆ ಹಾದಿಯಲ್ಲಿ ಹದಿನಾಲ್ಕು ಸ್ಥಳ. ಒಂದೊಂದರಲ್ಲೂ ನಿಂತು, ಮಂಡಿಯೂರಿ, ಪ್ರಾರ್ಥಿಸಿ ಮುಂದೆ ಹೋಗಬೇಕು. ಈಗ ಐದನೆಯದು: ಸಿರೇನಿನ ಸಿಮೋನ ಯೇಸುವಿನ ಶಿಲುಬೆಗೆ ಹೆಗಲು ಕೊಡುವುದು. ಮೊಣಕಾಲಿಗೆ ಅಂಟಿದ ಮಣ್ಣು ಕೊಡವುತ್ತ ಒಬ್ಬ ಹುಡುಗ ಕೇಳುತ್ತಾನೆ:

“ತಾತ, ಸಿಮೋನ ಸ್ವಾಮಿಯವ್ರ ಶಿಷ್ಯನಾ?”

“ಇಲ್ಲ ಕಣಪ್ಪ. ಹೊಲದ ಕಡೆಯಿಂದ ಬತ್ತಿದ್ದ. ಸಿಪಾಯಿಗಳು ಹಿಡ್ಕಂಡು ಹೊರುಸುದ್ರು.”

“ಆಮೇಲೆ ಏನಾದ?”

ತಾತ ಉತ್ತರ ಹೇಳುವುದಿಲ್ಲ. ಮಾರ್ಕನ ಶುಭಸಂದೇಶದಲ್ಲೂ ಅದಕ್ಕೆ ಉತ್ತರವಿಲ್ಲ. ಆದರೆ ಹದಿನೈದನೆಯ ಅಧ್ಯಾಯದಲ್ಲಿ ಸಿಮೋನನ ಹೆಸರು ಬರುವಾಗ, ಇವನು ಅಲೆಕ್ಸಾಂಡರ್ ಮತ್ತು ರೂಫ ಎಂಬವರ ತಂದೆ ಎಂದು ಮಾರ್ಕ ಸೇರಿಸುತ್ತಾನೆ. ಆ ಮಕ್ಕಳು ಯಾರು, ಎಲ್ಲಿಯವರು ಎಂದು ಒಂದು ಮಾತೂ ಹೇಳುವುದಿಲ್ಲ. ಕೇಳುವವರಿಗೆ ಅವರ ಪರಿಚಯ ಇದೆ ಎಂಬ ಭರವಸೆ ಇದ್ದವನು ಮಾತ್ರ ಹೀಗೆ ಬರೆಯಬಲ್ಲ. ಈ ಸೀಮೆಯಲ್ಲೂ ಹಾಗೆಯೇ. ತೀರಿಹೋದ ಹಿರಿಯರನ್ನು ಗುರುತಿಸುವುದು ಬದುಕಿರುವ ಮಗನಿಂದ: ನಮ್ಮ ಚೌರಪ್ಪನ ಅಪ್ಪ, ಇನ್ನಾಸಪ್ಪನ ಅಪ್ಪ.

ಅಲೆಕ್ಸಾಂಡರ್, ರೂಫ ಎಂಬ ಆ ಎರಡು ಹೆಸರು ಹಿಡಿದು ಹಿಂದಕ್ಕೆ ಹೋಗಿ. ಯೇಸು ತೀರಿಕೊಂಡು ಹೆಚ್ಚುಕಡಿಮೆ ನಲವತ್ತು ವರ್ಷ. ಕಂಡವರು ಹೇಳುತ್ತಿದ್ದರು, ಕೇಳುವವರು ಕೇಳುತ್ತಿದ್ದರು. ಪುಸ್ತಕ ಬೇಕೆಂದು ಹೆಚ್ಚಿನವರಿಗೆ ತೋರಿರಲಿಕ್ಕಿಲ್ಲ. ಕ್ರಿ.ಶ. 64ರಲ್ಲಿ ರೋಮ್ ಹೊತ್ತಿ ಉರಿಯಿತು. ಚಕ್ರವರ್ತಿ ನೀರೋ ಅಪವಾದವನ್ನು ಕ್ರೈಸ್ತರ ತಲೆಗೆ ಕಟ್ಟಿದ. ಅವರನ್ನು ನಾಯಿಗಳಿಂದ ಕಚ್ಚಿಸಿ ಕೊಂದರು, ರಾತ್ರಿ ದೀಪವಾಗಿ ಉರಿಸಿದರು ಎಂದು ರೋಮಿನವನೇ ಆದ ಇತಿಹಾಸಕಾರ ಟ್ಯಾಸಿಟಸ್ ಬರೆದಿಟ್ಟಿದ್ದಾನೆ. ಯೇಸುವಿನ ಶಿಷ್ಯ ಪೇತ್ರನೂ ಆ ಕಾಲದಲ್ಲೇ ಅಲ್ಲಿ ಹತನಾದ ಎಂಬುದು ಸಭೆಯ ಪರಂಪರೆ. 70ರಲ್ಲಿ ಜೆರುಸಲೇಮಿನ ದೇವಾಲಯವೂ ನೆಲಸಮವಾಯಿತು. ಮಾರ್ಕನ ಪುಸ್ತಕ ಈ ವರ್ಷಗಳ ಆಸುಪಾಸಿನದು ಎಂದು ಹೆಚ್ಚಿನ ವಿದ್ವಾಂಸರು ಹೇಳುತ್ತಾರೆ. ಪೇತ್ರ ನೆನಪಿಸಿಕೊಂಡು ಹೇಳಿದ್ದನ್ನು ಮಾರ್ಕ ಬರೆದ ಎಂದು ಎರಡನೇ ಶತಮಾನದ ಮೊದಲ ಭಾಗದಲ್ಲೇ ಪಪಿಯಾಸ್ ಎಂಬ ಧರ್ಮಾಧ್ಯಕ್ಷ ಹೇಳಿದ್ದ.

ಹೇಳುವವರೇ ಇಲ್ಲವಾಗುತ್ತಿದ್ದರು. ಅದಕ್ಕೇ ಬರೆಯಬೇಕಾಯಿತು.

ಯಾರಿಗಾಗಿ ಎಂಬುದೂ ಪುಸ್ತಕದಲ್ಲೇ ಕಾಣುತ್ತದೆ. ಊಟಕ್ಕೆ ಮುಂಚೆ ಯೆಹೂದ್ಯರು ಕೈ ತೊಳೆಯುವ ಕಟ್ಟಳೆಯನ್ನು ಮಾರ್ಕ ಬಿಡಿಸಿ ಹೇಳುತ್ತಾನೆ. ಯೆಹೂದ್ಯರಿಗೆ ಅದನ್ನು ಹೇಳುವ ಅಗತ್ಯವಿಲ್ಲ. ಹದಿನಾರೇ ಅಧ್ಯಾಯದ ಪುಸ್ತಕ, ಅದರಲ್ಲಿ ಕೊನೆಯ ಆರು ಪೂರಾ ಜೆರುಸಲೇಮಿನ ಆ ಕೊನೆಯ ದಿನಗಳಿಗೇ ಮೀಸಲು. ಪೇತ್ರ ಮೂರು ಸಲ ‘ನನಗವನು ಗೊತ್ತಿಲ್ಲ’ ಎಂದದ್ದನ್ನೂ ಮುಚ್ಚಿಟ್ಟಿಲ್ಲ. ಪ್ರಾಣಭಯಕ್ಕೆ ನಂಬಿಕೆ ಬಿಟ್ಟುಕೊಟ್ಟು, ನಾಚಿಕೆಯಿಂದ ಮೂಲೆಯಲ್ಲಿ ಕೂತವರು ಈ ಪುಸ್ತಕ ಕೇಳಿದ ಸಭೆಯಲ್ಲಿ ಇದ್ದಿರಲೇಬೇಕು ಎಂದು ನನಗನ್ನಿಸುತ್ತದೆ. ಪೇತ್ರನಂಥ ಪೇತ್ರನೇ ಸೋತು ಮತ್ತೆ ಎದ್ದನೆಂದು ಅವರ ಕಿವಿಗೆ ಬೀಳಬೇಕಿತ್ತು. ಆಗ ಓದು ಬಲ್ಲವರು ಕಡಿಮೆ. ಒಬ್ಬ ಗಟ್ಟಿಯಾಗಿ ಓದಿದರೆ ಉಳಿದವರು ಕೇಳುವರು.

ಕೇಳಿ ನಂಬುವುದು ಹಾರೋಬೆಲೆಗೂ ಹೊಸದಲ್ಲ. 1640ರ ದಶಕದ ಕೊನೆಗೆ ಶ್ರೀರಂಗಪಟ್ಟಣದಲ್ಲಿ ನೆಲೆಯೂರಿದ ಜೆಸ್ವಿಟ್ ಪಾದ್ರಿ ಲಿಯೊನಾರ್ಡೊ ಚಿನ್ನಮಿ ಕನ್ನಡ ಕಲಿತು ಕನ್ನಡದಲ್ಲೇ ಧರ್ಮೋಪದೇಶ ಬರೆದರು. ಹಾರೋಬೆಲೆಯ ಕ್ರೈಸ್ತರ ಬೇರು ಆ ಮಿಷನ್‌ನಲ್ಲಿದೆ. ಪೂಜೆ ಲ್ಯಾಟಿನ್‌ನಲ್ಲಿ ನಡೆಯುತ್ತಿದ್ದ ಕಾಲದಲ್ಲೇ ಊರಿನವರು ಯೇಸುವಿನ ಪಾಡನ್ನು ‘ಮಹಿಮೆ’ ಎಂಬ ನಾಟಕ ಮಾಡಿ ಕನ್ನಡದಲ್ಲಿ ಆಡತೊಡಗಿದರು. ಅದು ನೂರು ವರ್ಷ ದಾಟಿದೆ. ಪಾತ್ರಧಾರಿಗಳು ಊರಿನವರೇ. ಅಕ್ಷರ ಬಾರದ ತಾಯಂದಿರಿಗೂ ಪಿಲಾತನ ತೀರ್ಪು, ಯೂದನ ಮುತ್ತು ಕಣ್ಣಿಗೆ ಕಟ್ಟಿದ್ದು ಹೀಗೆ.

ಬೆಟ್ಟ ಇಳಿಯುವಾಗ ಬಿಸಿಲು ನೆತ್ತಿಗೇರಿದೆ. ಕಾಲು ಜಾರುವ ಕಡೆ ಅಜ್ಜಿ ಕೇಳದೆಯೇ ನಿಮ್ಮ ತೋಳು ಹಿಡಿಯುತ್ತಾಳೆ.

ಮಧ್ಯಾಹ್ನ ಮೂರಕ್ಕೆ ಗುಡಿಯೊಳಗೆ ಯೊವಾನ್ನನ ಶುಭಸಂದೇಶದಿಂದ ಪಾಡಿನ ವಾಚನ. ಶುಭ ಶುಕ್ರವಾರ ಪ್ರತಿವರ್ಷ ಓದುವುದು ಇದನ್ನೇ. ಗಮನವಿಟ್ಟು ಕೇಳಿ: ಇಲ್ಲಿ ಸಿಮೋನನೇ ಇಲ್ಲ. ಯೇಸು ತನ್ನ ಶಿಲುಬೆಯನ್ನು ತಾನೇ ಹೊತ್ತು ಹೊರಡುತ್ತಾನೆ. ಮತ್ತಾಯ, ಲೂಕ ಇಬ್ಬರೂ ಸಿಮೋನನನ್ನು ಉಳಿಸಿಕೊಂಡಿದ್ದಾರೆ, ಅವನ ಮಕ್ಕಳ ಹೆಸರು ಕೈಬಿಟ್ಟಿದ್ದಾರೆ. ಅವರ ಓದುಗರಿಗೆ ಆ ಮಕ್ಕಳ ಗುರುತಿರಲಿಲ್ಲವೇನೋ. ಯೊವಾನ್ನ ಬರೆಯುವ ಹೊತ್ತಿಗೆ ಮಾರ್ಕನ ಕಾಲದಿಂದ ಎರಡು ಮೂರು ದಶಕ ಉರುಳಿದ್ದವು. ತಾನೇಕೆ ಬರೆದೆ ಎಂಬುದನ್ನು ಅವನು ಇಪ್ಪತ್ತನೆಯ ಅಧ್ಯಾಯದ ಕೊನೆಗೆ ನೇರವಾಗಿ ಹೇಳುತ್ತಾನೆ: ಓದುವವರು ಯೇಸುವನ್ನು ನಂಬಬೇಕು, ನಂಬಿ ಜೀವ ಪಡೆಯಬೇಕು. ಕಾಣದೆಯೇ ನಂಬಬೇಕಾದವರಿಗೆ ಅವನು ಬರೆದ. ಮಾರ್ಕನಿಗೋ, ಸಿಮೋನನ ಮಕ್ಕಳ ಪರಿಚಯವಿದ್ದವರು ಇನ್ನೂ ಎದುರಿಗೇ ಇದ್ದರು.