ಡಾರ್ಡ್ ಮತ್ತು ಪ್ರಿಪೋನ್

ಜೂನ್ 3, ಸೋಮವಾರ

ನಾನು ತಿದ್ದಿ ಕಳಿಸಿದ ವರದಿ ಲಂಡನ್ನಿನಿಂದ ವಾಪಸು ಬಂತು. ‘ಪ್ರಿಪೋನ್’ ಎಂಬಲ್ಲಿ ಕೆಂಪು ಗೆರೆ, ಪಕ್ಕದಲ್ಲಿ ಷರಾ: ಇಂಥ ಪದವೇ ಇಲ್ಲ. ಬೆಂಗಳೂರಿನ ಯಾವ ಆಫೀಸಿಗಾದರೂ ಬಂದು ನೋಡಲಿ ಪುಣ್ಯಾತ್ಮ. ಮೀಟಿಂಗು ಪ್ರಿಪೋನ್ ಆಗಿದೆ ಎಂದರೆ ಕಾಫಿ ಅರ್ಧಕ್ಕೇ ಬಿಟ್ಟು ಎಲ್ಲರೂ ಏಳುತ್ತಾರೆ. ಅಷ್ಟು ಜನರನ್ನು ಕುರ್ಚಿಯಿಂದ ಎಬ್ಬಿಸುವುದು ಇಲ್ಲದ ಪದವೆ?

ಶಾಲೆಯಲ್ಲಿ ನಮ್ಮ ಇಂಗ್ಲಿಷ್ ಟೀಚರೂ ಇದು ನಾವು ಕೆಡಿಸಿದ ಇಂಗ್ಲಿಷ್ ಎನ್ನುತ್ತಿದ್ದರು. ಆದರೆ ‘ನಿಗದಿಗಿಂತ ಮೊದಲಿನ ಹೊತ್ತಿಗೆ ತರು’ ಎಂಬ ಈ ಅರ್ಥಕ್ಕೆ ಆಕ್ಸ್‌ಫರ್ಡ್ ನಿಘಂಟು ಕೊಡುವ ಹಳೆಯ ಪ್ರಯೋಗ 1913ರದು. ಅದು ಸಿಕ್ಕಿರುವುದು ನ್ಯೂಯಾರ್ಕ್ ಟೈಮ್ಸ್‌ನ ಓದುಗರ ಪತ್ರವೊಂದರಲ್ಲಿ. ಪೋಸ್ಟ್‌ಪೋನ್‌ಗೆ ಎದುರಾಳಿಯೊಂದು ಇರಲಿ, ಮುಖ್ಯವಾಗಿ ವಕೀಲರಿಗೆ ಅನುಕೂಲವಾದೀತು ಎಂದು ಆತ ಬೇಕೆಂದೇ ಹೊಸೆದದ್ದು. ಅಲ್ಲಿ ಅದು ಬೇರು ಬಿಡಲಿಲ್ಲ. ನಮ್ಮವರು ಆ ಪತ್ರ ಓದಿ ಕಲಿತಿರಲಾರರು, ತಾವೇ ಇನ್ನೊಮ್ಮೆ ಹುಟ್ಟಿಸಿಕೊಂಡಿರಬೇಕು. ಬೇಕಿತ್ತು, ಮಾಡಿಕೊಂಡರು.

ಜೂನ್ 5, ಬುಧವಾರ

ಮಳೆ, ಕರೆಂಟಿಲ್ಲ. ಕೆಲಸ ಸಾಗದ್ದರಿಂದ ಡಾರ್ಡ್‌ನ ಕತೆಯನ್ನು ಬರೆದಿಡುತ್ತೇನೆ. ಎಷ್ಟು ಸಲ ನೆನೆದರೂ ನಗು ತರಿಸುವ ಕತೆ.

1931ರ ಜುಲೈ 31ರಂದು ವೆಬ್‌ಸ್ಟರ್ ನಿಘಂಟಿನ ರಸಾಯನಶಾಸ್ತ್ರ ಸಂಪಾದಕ ಆಸ್ಟಿನ್ ಪ್ಯಾಟರ್ಸನ್ ಒಂದು ಚೀಟಿ ಬರೆದ. ಸಾಂದ್ರತೆಗೆ ದೊಡ್ಡ ‘ಡಿ’ ಅಥವಾ ಚಿಕ್ಕ ‘ಡಿ’ ಬಳಸಬಹುದು ಎಂಬುದಷ್ಟೇ ಅದರ ತಾತ್ಪರ್ಯ. ‘ಅಥವಾ’ ಎನ್ನಲು ಇಂಗ್ಲಿಷಿನಲ್ಲಿ ‘ಆರ್’ ತಾನೆ? ಆ ಕಚೇರಿಯಲ್ಲಿ ಮುಖ್ಯಪದಗಳನ್ನು ಅಕ್ಷರ ಬಿಡಿಸಿ ಟೈಪು ಮಾಡುವ ರೂಢಿಯಿತ್ತು. ಸಂಕ್ಷೇಪಗಳ ರಾಶಿಗೆ ಹೋಗಬೇಕಿದ್ದ ಚೀಟಿ ಪದಗಳ ರಾಶಿಗೆ ಬಿತ್ತು. ಡಿ, ಆರ್, ಡಿ ಮೂರೂ ಕೂಡಿ ‘ಡಾರ್ಡ್’ ಆಯಿತು. ಯಾರೋ ಅದಕ್ಕೆ ಉಚ್ಚಾರಣೆಯನ್ನೂ ಕೊಟ್ಟರು! 1934ರ ಎರಡನೆಯ ಆವೃತ್ತಿಯಲ್ಲಿ ಅದು ನಾಮಪದವಾಗಿ, ಸಾಂದ್ರತೆ ಎಂಬ ಅರ್ಥ ಹೊತ್ತು, ಗಂಭೀರವಾಗಿ ಕುಳಿತಿತು. 1939ರ ಫೆಬ್ರವರಿ 28ರಂದು ಒಬ್ಬ ಸಂಪಾದಕನಿಗೆ, ಇದಕ್ಕೆ ವ್ಯುತ್ಪತ್ತಿಯೇ ಇಲ್ಲವಲ್ಲ ಎಂದು ಅನುಮಾನ ಬಂತು. ಆದರೂ ಪುಟದಿಂದ ಅದು ಮಾಯವಾದದ್ದು 1947ರಲ್ಲಿ.

ಅಷ್ಟು ವರ್ಷ ಅಮೆರಿಕದ ಅತಿ ದೊಡ್ಡ ನಿಘಂಟಿನಲ್ಲಿ ಖಾಯಂ ವಿಳಾಸ ಇದ್ದರೂ ಡಾರ್ಡ್‌ಗೆ ಯಾರ ಬಾಯಲ್ಲೂ ಜಾಗ ಸಿಗಲಿಲ್ಲ. ಪ್ರಯೋಗಾಲಯದಲ್ಲಿ ಯಾವನೂ ಪಾದರಸದ ಡಾರ್ಡ್ ಅಳೆಯಲಿಲ್ಲ. ಲಂಡನ್ನಿನ ಆ ಸಂಪಾದಕರಿಗೆ ಇದನ್ನೇ ಹೇಳಬೇಕು ಅನ್ನಿಸುತ್ತದೆ. ಇದೆ, ಇಲ್ಲ ಎಂದು ತೀರ್ಮಾನಿಸುವುದು ನಿಘಂಟಲ್ಲ ಸ್ವಾಮಿ.

ಜೂನ್ 9, ಭಾನುವಾರ

ಜೊನಾಥನ್ ಸ್ವಿಫ್ಟ್‌ಗೆ ‘ಮಾಬ್’ ಎಂದರೆ ಮೈ ಉರಿಯುತ್ತಿತ್ತು. ‘ಮೊಬಿಲೆ ವಲ್ಗುಸ್’ ಎಂಬ ಲ್ಯಾಟಿನ್ ಮಾತಿನ ತಲೆಯನ್ನಷ್ಟೇ ಉಳಿಸಿಕೊಂಡ ಮೊಟಕು ಪದ ಅದು. 1710ರಲ್ಲಿ ‘ಟ್ಯಾಟ್ಲರ್’ ಪತ್ರಿಕೆಯಲ್ಲಿ ಇಂಥವುಗಳನ್ನು ಜಾಡಿಸಿದ. 1712ರಲ್ಲಿ ಇಂಗ್ಲಿಷನ್ನು ತಿದ್ದಿ ಗಟ್ಟಿಮಾಡಲು ವಿದ್ವಾಂಸರನ್ನು ಒಟ್ಟುಸೇರಿಸಿ ಎಂದು ದೊರೆತನದವರಿಗೆ ಮೊರೆಯಿಟ್ಟ. ಫ್ರಾನ್ಸಿನಲ್ಲಿ 1635ರಿಂದಲೇ ಅಕಾಡೆಮಿ ಇತ್ತಲ್ಲ, ಆ ಆಸೆ. ಇಂಗ್ಲೆಂಡಿನಲ್ಲಿ ಅದು ಕೂಡಿಬರಲೇ ಇಲ್ಲ. ಒಳ್ಳೆಯದೇ ಆಯಿತು.

ಇಷ್ಟೆಲ್ಲ ಹೇಳಿದವನೇ 1726ರಲ್ಲಿ ಗಲಿವರನ ಪ್ರವಾಸದಲ್ಲಿ ‘ಯಾಹೂ’ ಎಂಬ ಪದ ಕಟ್ಟಿದ. ತನ್ನ ಗೆಳತಿಯ ಕುಲನಾಮದ ತುಣುಕಿಗೆ ಅವಳ ಹೆಸರಿನ ತುಣುಕು ಅಂಟಿಸಿ ‘ವನೆಸ್ಸಾ’ ಎಂದ. ಮಂಗಳೂರಿನ ನಮ್ಮ ಬೀದಿಯಲ್ಲೇ ಒಬ್ಬ ವನೆಸ್ಸಾ ಇದ್ದಾಳೆ. ಸ್ವಿಫ್ಟ್‌ನ ಗೊಣಗಾಟಕ್ಕಿಂತ ಅವನ ಆಟವೇ ಬಾಳಿತು.

ಜೂನ್ 10, ಸೋಮವಾರ

ನಿನ್ನೆ ಬಿಟ್ಟದ್ದು. ತಪ್ಪಿನಿಂದ ಹುಟ್ಟಿದವೂ ಕಡಿಮೆಯಿಲ್ಲ. ಬಟಾಣಿಗೆ ಮೊದಲು ‘ಪೀಸ್’ ಎಂದೇ ಏಕವಚನ. ಕೊನೆಯ ಸದ್ದು ಬಹುವಚನದ್ದೆಂದು ಜನ ಭ್ರಮಿಸಿ ‘ಪೀ’ ಮಾಡಿಕೊಂಡರು. ‘ನೇಪ್ರನ್’ನ ಮೊದಲ ಅಕ್ಷರ ಹಿಂದಿನ ಪದಕ್ಕೆ ಅಂಟಿ ‘ಏಪ್ರನ್’ ಉಳಿಯಿತು. ಆ ಕಾಲಕ್ಕೆ ನಾನಿದ್ದಿದ್ದರೆ ಎರಡಕ್ಕೂ ಕೆಂಪು ಗೆರೆಯೇ.

ಜೂನ್ 14, ಶುಕ್ರವಾರ

ಹಾಗೆಂದು ಎಲ್ಲಕ್ಕೂ ಬಾಗಿಲು ತೆರೆದಿಡುವಷ್ಟು ಉದಾರಿ ನಾನಲ್ಲ. ಹೊಸದಾಗಿ ಹುಟ್ಟಿದ ಪದ ಯಾರ ಅನ್ನವನ್ನೂ ಕಸಿಯುವುದಿಲ್ಲ. ಅಡ್ಡಾದಿಡ್ಡಿ ಬಳಸಿದ ಹಳೆಯ ಪದ ಪಕ್ಕದ್ದನ್ನು ನುಂಗಿಬಿಡುತ್ತದೆ. ನಾನು ತಿದ್ದುತ್ತಿರುವ ಪುಸ್ತಕದ ಇವತ್ತಿನ ಅಧ್ಯಾಯದಲ್ಲಿ ‘ಬೇಸತ್ತ’ ಎನ್ನಬೇಕಾದ ಕಡೆಯಲ್ಲೆಲ್ಲ ‘ಡಿಸ್‌ಇಂಟರೆಸ್ಟೆಡ್’. ಆಸ್ತಿ ವ್ಯಾಜ್ಯಕ್ಕೆ ಡಿಸ್‌ಇಂಟರೆಸ್ಟೆಡ್ ನ್ಯಾಯಾಧೀಶರು ಬೇಕು, ಏಕೆಂದರೆ ಅವರಿಗೆ ಅದರಲ್ಲಿ ಸ್ವಂತ ಲಾಭವಿಲ್ಲ. ಅನ್‌ಇಂಟರೆಸ್ಟೆಡ್ ಆದವರು ಪೀಠದ ಮೇಲೇ ತೂಕಡಿಸುತ್ತಾರೆ. ಈ ಎರಡನ್ನೂ ಒಂದು ಮಾಡಿದರೆ ಆಮೇಲೆ ಮೊದಲನೆಯವರನ್ನು ಏನೆಂದು ಕರೆಯುವುದು?

1961ರಲ್ಲಿ ವೆಬ್‌ಸ್ಟರ್‌ನ ಮೂರನೆಯ ಆವೃತ್ತಿ ಬಂದಾಗ ಎದ್ದ ಗದ್ದಲದ ಒಳಗೂ ಇದೇ ನೋವು ಇತ್ತು. ಜನ ಆಡುವುದನ್ನು ದಾಖಲಿಸುವುದಷ್ಟೇ ನಮ್ಮ ಕೆಲಸ ಎಂಬುದು ಸಂಪಾದಕ ಫಿಲಿಪ್ ಗೋವ್ ಹಿಡಿದ ದಾರಿ. ‘ಏಯ್ನ್ಟ್’ಗೆ ಬಾಗಿಲು ಹಾಕಲಿಲ್ಲವೆಂದು ಪತ್ರಿಕೆಗಳು ಅವನ ಮೇಲೆ ಮುಗಿಬಿದ್ದವು. ರೆಕ್ಸ್ ಸ್ಟೌಟ್‌ನ 1962ರ ಕಾದಂಬರಿಯಲ್ಲಿ ಪತ್ತೇದಾರ ನೀರೋ ವುಲ್ಫ್ ಅದೇ ನಿಘಂಟಿನ ಪುಟ ಹರಿದು ಹರಿದು ಬೆಂಕಿಗೆ ಹಾಕುತ್ತಾನೆ. ‘ಇಂಪ್ಲೈ’, ‘ಇನ್ಫರ್’ ಎರಡನ್ನೂ ಒಂದೇ ಎಂದದ್ದು ಅವನ ತಕರಾರು. ಪುಸ್ತಕ ಸುಡುವುದು ನನಗೆ ಆಗದು, ಆದರೆ ತಕರಾರು ನನ್ನದೂ ಹೌದು.

ತಮಾಷೆಯೆಂದರೆ ನಾನು ಕಾಯುತ್ತಿರುವ ಡಿಸ್‌ಇಂಟರೆಸ್ಟೆಡ್‌ನ ಜಾತಕವೇ ಸರಿಯಿಲ್ಲ. 17ನೇ ಶತಮಾನದ ಆರಂಭದಲ್ಲಿ ಜಾನ್ ಡನ್ ಅದನ್ನು ‘ಆಸಕ್ತಿಯಿಲ್ಲದ’ ಎಂಬ ಅರ್ಥದಲ್ಲೇ ಬರೆದಿದ್ದಾನೆ. ‘ನಿಷ್ಪಕ್ಷಪಾತ’ ಎಂಬ ಅರ್ಥ ಸಿಗುವುದು ಆಮೇಲೆ. ಇರಲಿ. ಮೊದಲು ಬಂದದ್ದೆಂಬ ಮಾತ್ರಕ್ಕೆ ಅದು ಹೆಚ್ಚು ಉಪಯೋಗದ್ದೇನಲ್ಲ. ಮುಂದಿನ ಅಧ್ಯಾಯದಲ್ಲೂ ಕಂಡರೆ ತಿದ್ದುತ್ತೇನೆ. ಲೇಖಕರು ಜಗಳಕ್ಕೆ ಬಂದರೆ ಡನ್‌ನ ಹೆಸರನ್ನು ಮಾತ್ರ ನಾನಾಗಿ ಎತ್ತುವುದಿಲ್ಲ.