ಮಡಕೆಗೆ ಸೀರೆ ಉಡಿಸಿದ ಕಥೆ

ನಾವು ಅಕ್ಕ ತಮ್ಮ ಇಬ್ಬರೂ ಹುಟ್ಟಿದ್ದು ತಮಿಳುನಾಡಿನ ಸೇಲಂ ನಗರದ ನೇಕಾರರ ಬೀದಿಯೊಂದರಲ್ಲಿ. ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು ಆಡುವ ದೇವಾಂಗ ಕುಟುಂಬಗಳು ಅಲ್ಲಿ ಹಲವಾರು. ನಾವು ಸೋದರಮಾವನ ಮನೆಯಲ್ಲಿದ್ದುಕೊಂಡು ಈ ಶಾಲೆಯಲ್ಲಿ ಓದುತ್ತಿದ್ದೇವೆ. ರಜೆಗೆ ಊರಿಗೆ ಹೋದರೆ ಬೆಳಗ್ಗೆ ನಮ್ಮನ್ನು ಎಬ್ಬಿಸುವುದು ಮಗ್ಗದ ಸದ್ದು. ಆದರೆ ಅಪ್ಪ ಮಗ್ಗದ ಮೇಲೆ ನಮ್ಮನ್ನು ಕೂರಗೊಡುವುದಿಲ್ಲ. "ಈ ಕಷ್ಟ ನನ್ನ ಕಾಲಕ್ಕೇ ಸಾಕು. ನೀವು ಕಂಪ್ಯೂಟರ್ ಕಲೀರಿ" ಎನ್ನುತ್ತಾರೆ. ನಿಜ ಹೇಳಬೇಕೆಂದರೆ, ಗೆಳೆಯರ ಮುಂದೆ ಮಗ್ಗದ ಮಾತೆತ್ತಲು ನಮಗೂ ಸಂಕೋಚವಿತ್ತು.

ಶಾಲೆಯ ವಿಜ್ಞಾನ ವಸ್ತುಪ್ರದರ್ಶನಕ್ಕೆ ನಾವು ಆರಿಸಿಕೊಂಡ ವಿಷಯ, ಕಂಪ್ಯೂಟರ್ ಬೊಂಬೆಗಳಿಗೆ ಮೈಬಣ್ಣ ಬರುವ ಬಗೆ. ಕಂಪ್ಯೂಟರಿನಲ್ಲಿ ಮೊದಲು ಬೊಂಬೆಯ ಆಕಾರ ಮಾತ್ರ ಸಿದ್ಧವಾಗುತ್ತದೆ. ಆಮೇಲೆ ಚಪ್ಪಟೆಯಾದ ಒಂದು ಚಿತ್ರವನ್ನು ಅದಕ್ಕೆ ಹೊದಿಸುತ್ತಾರೆ. ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ ಎಡ್ವಿನ್ ಕ್ಯಾಟ್ಮಲ್ ಎಂಬುವರು 1974ರಲ್ಲಿ ತಮ್ಮ ಪ್ರಬಂಧದಲ್ಲಿ ಈ ಉಪಾಯವನ್ನು ತೋರಿಸಿಕೊಟ್ಟರು.

ದಸರಾ ರಜೆಯಲ್ಲಿ ಒಂದು ಮಡಕೆ ತಂದು, ಹೂವಿನ ಚಿತ್ರದ ಕಾಗದವನ್ನು ಅದಕ್ಕೆ ಅಂಟಿಸಲು ಕುಳಿತೆವು. ಕೊಳವೆಯ ಡಬ್ಬಕ್ಕೆ ಸಲೀಸಾಗಿ ಸುತ್ತಿಕೊಂಡ ಕಾಗದ ಮಡಕೆಯ ಹೊಟ್ಟೆಗೆ ಮಾತ್ರ ಒಪ್ಪಲಿಲ್ಲ. ಒಂದು ಕಡೆ ನೆರಿಗೆ, ಇನ್ನೊಂದು ಕಡೆ ಹರುಕು. ಮೂರು ಹಾಳೆ ಹಾಳಾದವು. ತಪ್ಪು ನಮ್ಮ ಕೈಯದಲ್ಲ ಎಂದು ಆಮೇಲೆ ತಿಳಿಯಿತು. ಚೆಂಡಿನಂತೆ ಉಬ್ಬಿದ ಮೈಗೆ ಚಪ್ಪಟೆ ಹಾಳೆಯನ್ನು ಹಿಗ್ಗಿಸದೆ, ಕುಗ್ಗಿಸದೆ, ಕತ್ತರಿಸದೆ ಹೊದಿಸಲಾಗದೆಂಬುದು 1827ರಲ್ಲಿ ಗಣಿತಜ್ಞ ಗೌಸ್ ಸಾಧಿಸಿದ ಪ್ರಮೇಯದಿಂದಲೇ ಸಿದ್ಧವಾಗುತ್ತದೆ.

ಅಪ್ಪ ಮಗ್ಗದಿಂದೆದ್ದು ಬಂದು ನೋಡಿದರು. "ಕಾಗದ ಯಾಕ್ರೋ ಅಂಟಿಸ್ತೀರಿ? ಮನೆ ಲೆಕ್ಕ ಹಾಕಿ" ಎಂದರು. ಸೀರೆಯ ಅಂಚಿನ ಹೂವನ್ನು ಅವರು ಮೊದಲು ಚೌಕುಳಿ ಕಾಗದದಲ್ಲಿ ಬರೆಯುತ್ತಾರೆ. ಒಂದೊಂದು ಮನೆಯೂ ಹಾಸು ಹೊಕ್ಕು ಸೇರುವ ಒಂದೊಂದು ಜಾಗ. ಸೀಮೆಸುಣ್ಣ ಹಿಡಿದು ಮಡಕೆಯ ಸುತ್ತ ಬಳೆಯಂತೆ ಅಡ್ಡಗೆರೆಗಳನ್ನೂ, ಬಾಯಿಂದ ಬುಡಕ್ಕೆ ಉದ್ದಗೆರೆಗಳನ್ನೂ ಎಳೆದರು. ಎರಡಕ್ಕೂ ಎಣಿಕೆ ಹಾಕಿದರು. ಕಾಗದದ ಮೂರನೆಯ ಸಾಲಿನ ಏಳನೆಯ ಮನೆ ಕೆಂಪಾದರೆ ಮಡಕೆಯ ಮೂರನೆಯ ಸಾಲಿನ ಏಳನೆಯ ಮನೆಯೂ ಕೆಂಪು. ಸಂಜೆಯೊಳಗೆ ಮಡಕೆ ಸೀರೆ ಉಟ್ಟಿತ್ತು!

ಕಂಪ್ಯೂಟರ್ ಮಾಡುವುದೂ ಇದನ್ನೇ. ಅದು ಚಿತ್ರವನ್ನು ಅಂಟಿಸುವುದಿಲ್ಲ. ಮೈಯ ಒಂದೊಂದು ಬಿಂದುವಿಗೂ ಎರಡು ಸಂಖ್ಯೆಗಳ ವಿಳಾಸ ಕೊಟ್ಟು, ಚಿತ್ರದಲ್ಲಿ ಆ ವಿಳಾಸದಲ್ಲಿರುವ ಬಣ್ಣವನ್ನು ತಂದು ತುಂಬುತ್ತದೆ. ಆದರೂ ಗೌಸರ ಮಾತು ಸುಳ್ಳಾಗಲಿಲ್ಲ. ಮಡಕೆಯ ಹೊಟ್ಟೆಯಲ್ಲಿ ಹೂವು ಅಗಲವಾಯಿತು, ಕುತ್ತಿಗೆಯಲ್ಲಿ ಸಣಕಲಾಯಿತು. ಅಪ್ಪ ಕುತ್ತಿಗೆಯ ಹೂವನ್ನು ಒರೆಸಿ, ಅಲ್ಲಿ ಬರೀ ಪಟ್ಟೆ ಬಳಿಸಿದರು. ಚಿತ್ರದ ಎರಡು ತುದಿ ಕೂಡುವ ಕಡೆ ಹೂವು ಅರ್ಧವಾಗದಂತೆ ಮನೆಗಳನ್ನು ಮೊದಲೇ ಹೊಂದಿಸಿದ್ದರು. ಎಲ್ಲಿ ಹಿಗ್ಗಬೇಕು, ಹೊಲಿಗೆ ಎಲ್ಲಿ ಅಡಗಬೇಕು ಎಂಬ ವಿವೇಕ ಮನುಷ್ಯನದೇ ಅಲ್ಲವೇ?

ಈ ವಿದ್ಯೆಗೆ ಇಂಗ್ಲಿಷಿನಲ್ಲಿ ಟೆಕ್ಸ್‌ಚರ್ ಮ್ಯಾಪಿಂಗ್ ಎಂದು ಹೆಸರು. ಟೆಕ್ಸ್‌ಚರ್ ಎಂಬ ಪದ ನೇಯುವುದು ಎಂಬರ್ಥದ ಲ್ಯಾಟಿನ್ ಮಾತಿನಿಂದ ಬಂದದ್ದು. ಇದನ್ನು ಹೇಳಿದಾಗ ಅಪ್ಪ ಏನೂ ಮಾತಾಡಲಿಲ್ಲ. ಮರುದಿನ ಬೆಳಗ್ಗೆ ಮಾತ್ರ ತಾವಾಗಿಯೇ ಕರೆದು, ಲಾಳಿಯನ್ನು ನಮ್ಮ ಕೈಗೆ ಕೊಟ್ಟರು. ನಾವು ನೇಯ್ದ ನಾಲ್ಕು ಬೆರಳಗಲ ಬಟ್ಟೆ ಸೊಟ್ಟಗಾಯಿತು. ಅವರು ಅದನ್ನು ಬಿಚ್ಚಿ ಮತ್ತೆ ನೇಯ್ದರು.

ಪ್ರದರ್ಶನದಲ್ಲಿ ಮಡಕೆಯ ಪಕ್ಕದಲ್ಲೇ ಅಪ್ಪನ ಚೌಕುಳಿ ಕಾಗದವನ್ನೂ ಇಟ್ಟಿದ್ದೆವು. ಇದನ್ನು ಬರೆದವರು ಯಾರು ಎಂದು ಕೇಳಿದವರಿಗೆಲ್ಲ "ನಮ್ಮ ತಂದೆ, ನೇಕಾರರು" ಎಂದು ಹೇಳಿದೆವು.